‘ಗೇಟ್’ ಪದದ ಬೆನ್ನಿಗಿದ್ದ ಮೂರು ಬೈಟುಗಳು

ಕೊಡಗಿನ ಶಾಂತಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಸ್ತಿಯ ಕಾಗದಪತ್ರಗಳೆಲ್ಲ ಅಪ್ಪನ ಕಾಲದಿಂದಲೂ ಒಂದು ತಗಡಿನ ಟ್ರಂಕಿನಲ್ಲಿವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು, ಮನೆಗಳೊಡನೆ ಮನೆಯೊಳಗಿನ ದಾಖಲೆಗಳೂ ಮಣ್ಣುಪಾಲಾದುದನ್ನು ಕಂಡಂದಿನಿಂದ, ಮುಖ್ಯ ವಿವರಗಳ ಒಂದು ಪ್ರತಿ ಮೈಸೂರಿನಲ್ಲಿರುವ ಅಕ್ಕನ ಬಳಿಯೂ ಇರಲಿ ಎಂದು ಅಮ್ಮ ಹೇಳುತ್ತಲೇ ಇದ್ದರು. ಪಹಣಿಯ ಸರ್ವೆ ನಂಬರ್‌ಗಳು, ಬ್ಯಾಂಕ್ ಲಾಕರಿನ ವಿವರ, ಅಪ್ಪನ ವಿಮೆಯ ಪಾಲಿಸಿ, ಮೀಟರಿನ ಆರ್‌ಆರ್ ನಂಬರ್, ಎರಡು ಮೂರು ಪಾಸ್‌ವರ್ಡ್‌ಗಳು: ಎಲ್ಲ ಸೇರಿಸಿದರೂ ಒಂದು ಪುಟ ತುಂಬುವುದಿಲ್ಲ. ವಾಟ್ಸಾಪ್‌ನಲ್ಲಿ ಕಳುಹಿಸಿಬಿಡು ಎಂದಳು ಅಕ್ಕ. ವಾಟ್ಸಾಪ್ ಸಂದೇಶಗಳು ದಾರಿಯಲ್ಲಿ ಗೂಢಲಿಪಿಯಲ್ಲೇ ಸಾಗುತ್ತವೆ ಎಂಬುದು ನಿಜ. ನನ್ನ ಅಳುಕು ದಾರಿಯದಲ್ಲ, ತಲುಪಿದ ಮೇಲಿನದು. ಅಕ್ಕನ ಫೋನು ಹಗಲೆಲ್ಲ ಮಕ್ಕಳ ಕೈಯಲ್ಲಿರುತ್ತದೆ, ಅದರಲ್ಲಿ ಬಂದು ಬಿದ್ದ ಸಂದೇಶ ವರ್ಷಗಟ್ಟಲೆ ಓದುವಂತೆ ಹಾಗೇ ಉಳಿದಿರುತ್ತದೆ.

ಪಠ್ಯವನ್ನು ಅಂಟಿಸಿ ಗುಂಡಿ ಒತ್ತಿದರೆ ಗೂಢಲಿಪಿ ಮಾಡಿಕೊಡುವ ಜಾಲತಾಣಗಳು ಬೇಕಾದಷ್ಟಿವೆ. ಆದರೆ ಅಲ್ಲಿ ಅಂಟಿಸಿದ್ದು ನಮ್ಮ ಯಂತ್ರದಲ್ಲೇ ಉಳಿಯುತ್ತದೆಯೋ ಬೇರೆಲ್ಲಿಗೋ ಹೋಗುತ್ತದೆಯೋ ಎಂಬುದನ್ನು ಪ್ರತಿ ಸಲವೂ ಪರೀಕ್ಷಿಸುತ್ತ ಕೂರಲು ಸಾಧ್ಯವಿಲ್ಲ. ಇಂದು ಸರಿಯಿದ್ದ ಪುಟವನ್ನು ನಾಳೆ ಅದರ ಒಡೆಯರು ಬದಲಿಸಿದರೂ ನಮಗೆ ತಿಳಿಯದು. ಆದ್ದರಿಂದ ಇಂಟರ್ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆದುಕೊಳ್ಳುವ, ಇನ್ನೂರು ಸಾಲಿನೊಳಗೆ ಮುಗಿಯುವ, ಮೊದಲಿಂದ ಕೊನೆಯವರೆಗೆ ಒಂದೇ ಸಲ ಕುಳಿತು ಓದಿಬಿಡಬಹುದಾದ ಒಂದು ಎಚ್‌ಟಿಎಂಎಲ್ ಕಡತವನ್ನು ನಾನೇ ಬರೆದು, ಪೆನ್‌ಡ್ರೈವಿನಲ್ಲಿ ಅಕ್ಕನಿಗೆ ಕೊಡುವುದೆಂದು ನಿರ್ಧರಿಸಿದೆ. ಕಕ್ಕಡ ತಿಂಗಳ ಮಳೆ ಹಿಡಿದು ತೋಟದ ಕೆಲಸ ನಿಂತಿತ್ತು. ಕರೆಂಟು ಇದ್ದಷ್ಟು ಹೊತ್ತು ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಂಡು, ಇಲ್ಲದಾಗ ಬ್ಯಾಟರಿಯ ಮೇಲೆ, ನಾಲ್ಕು ದಿನದಲ್ಲಿ ಮುಗಿಸಿದ ಕೆಲಸದ ದಾಖಲೆ ಇದು.

ಗಣಿತದ ಭಾಗವನ್ನು ನಾನು ಬರೆಯಲಿಲ್ಲ, ಯಾರೂ ಸ್ವತಃ ಬರೆಯಬಾರದು ಕೂಡ. 2017ರಲ್ಲಿ ವೆಬ್ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಶಿಫಾರಸಾಗಿ ಪ್ರಕಟವಾದ ವೆಬ್ ಕ್ರಿಪ್ಟೋಗ್ರಫಿ ಎಪಿಐ, ಅಂದರೆ ಗೂಢಲಿಪಿಯ ಸಿದ್ಧ ಫಂಕ್ಷನ್‌ಗಳ ಕಟ್ಟು, ಈಗ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಇದೆ. ಅದರ ಮುಖ್ಯ ವಸ್ತುವಿಗೆ ‘ಸಟಲ್’, ಅಂದರೆ ಸೂಕ್ಷ್ಮ, ಎಂದು ಹೆಸರಿಟ್ಟಿದ್ದಾರೆ. ಇಲ್ಲಿರುವ ವಿಧಾನಗಳು ಒಳ್ಳೆಯವೇ ಆದರೂ ಬಳಕೆಯಲ್ಲಿ ಎಡವುವುದು ಸುಲಭ ಎಂದು ಹೆಸರಿನಲ್ಲೇ ಎಚ್ಚರಿಸಿದ್ದಾರೆ. ಪಠ್ಯವನ್ನು ಮುಚ್ಚಲು, ಅಂದರೆ ಗೂಢಲಿಪಿಗೆ ತಿರುಗಿಸಲು, ಎಇಎಸ್ ಆರಿಸಿಕೊಂಡೆ. ಬೆಲ್ಜಿಯಂನ ಯೋವಾನ್ ದಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರೂಪಿಸಿದ ಈ ವಿಧಾನವನ್ನು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2001ರಲ್ಲಿ ಮಾನಕವಾಗಿ ಪ್ರಕಟಿಸಿತು. ಅದನ್ನು ಜಿಸಿಎಂ ಎಂಬ ಕ್ರಮದಲ್ಲಿ, 256 ಬಿಟ್ ಕೀಲಿಯೊಡನೆ ಬಳಸಿದ್ದೇನೆ. ಈ ಕ್ರಮದಲ್ಲಿ ಮುಚ್ಚಿದ ಪಠ್ಯದ ಕೊನೆಗೆ 16 ಬೈಟುಗಳ ಒಂದು ಮುದ್ರೆ ಅಂಟಿಕೊಳ್ಳುತ್ತದೆ (ಒಂದು ಬೈಟು ಎಂದರೆ ಎಂಟು ಬಿಟ್, 0ರಿಂದ 255ರವರೆಗಿನ ಒಂದು ಸಂಖ್ಯೆ). ದಾರಿಯಲ್ಲಿ ಒಂದೇ ಒಂದು ಬಿಟ್ ಬದಲಾಗಿದ್ದರೂ ಪಠ್ಯ ತೆರೆದುಕೊಳ್ಳುವುದೇ ಇಲ್ಲ. ಅರ್ಧಂಬರ್ಧ ತೆರೆದು ತಪ್ಪು ಸರ್ವೆ ನಂಬರ್ ತೋರಿಸುವುದಕ್ಕಿಂತ ಪೂರ್ತಿ ಮುಷ್ಕರ ಹೂಡುವುದು ವಾಸಿ.

ಮನುಷ್ಯರು ನೆನಪಿಡುವ ಗುಪ್ತವಾಕ್ಯದಿಂದ ಆ 256 ಬಿಟ್‌ನ ಕೀಲಿಯನ್ನು ತೆಗೆಯುವ ಕೆಲಸ ಪಿಬಿಕೆಡಿಎಫ್2 ಎಂಬ ವಿಧಾನದ್ದು. ಗುಪ್ತವಾಕ್ಯಕ್ಕೆ 16 ಬೈಟುಗಳ ಯಾದೃಚ್ಛಿಕ ‘ಸಾಲ್ಟ್’ ಬೆರೆಸಿ, ಎಸ್‌ಎಚ್‌ಎ-256 ಎಂಬ ಹ್ಯಾಶ್ (ಯಾವುದೇ ಪಠ್ಯದಿಂದ ನಿಗದಿತ ಉದ್ದದ ಬೆರಳಚ್ಚು ತೆಗೆಯುವ ಲೆಕ್ಕ) ಆಧಾರಿತ ಎಚ್‌ಎಂಎಸಿ ಲೆಕ್ಕವನ್ನು ಆರು ಲಕ್ಷ ಸಲ ಸುತ್ತಿಸುತ್ತದೆ. 6,00,000 ಎಂಬುದು ವೆಬ್ ಸುರಕ್ಷತೆಯ ಒವಾಸ್ಪ್ ಸಂಸ್ಥೆಯ ಸಲಹೆ. ನಮಗೆ ಒಂದು ಸಲ ಸುತ್ತಿಸುವುದು ಭಾರವಲ್ಲ. ಕೋಟಿಗಟ್ಟಲೆ ಊಹೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕಳ್ಳನಿಗೆ ಪ್ರತಿ ಊಹೆಯೂ ಆರು ಲಕ್ಷ ಪಟ್ಟು ದುಬಾರಿಯಾಗುತ್ತದೆ. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2 ಇದಕ್ಕಿಂತ ಗಟ್ಟಿಯಾದುದು. ಆದರೆ ಅದಕ್ಕಾಗಿ ಹೊರಗಿನ ಲೈಬ್ರರಿಯೊಂದನ್ನು ಕಡತದೊಳಗೆ ತುಂಬಬೇಕಾಗುತ್ತಿತ್ತು; ಹಾಗೆ ಮಾಡಿದರೆ ‘ಪೂರ್ತಿ ಓದಿಬಿಡಬಹುದಾದ ಕಡತ’ ಎಂಬ ಮೂಲ ಉದ್ದೇಶವೇ ಹಾಳಾಗುತ್ತದೆಂದು ಕೈಬಿಟ್ಟೆ. ಜಿಸಿಎಂಗೆ ಬೇಕಾದ 12 ಬೈಟುಗಳ ಐವಿಯನ್ನೂ (ಮುಚ್ಚುವಾಗ ಆರಂಭಕ್ಕೆ ಕೊಡುವ, ಗುಟ್ಟಾಗಿರಬೇಕಿಲ್ಲದ ಸಂಖ್ಯೆ) ಸಾಲ್ಟನ್ನೂ ಪ್ರತಿ ಸಂದೇಶಕ್ಕೂ ಹೊಸದಾಗಿ, ಬ್ರೌಸರ್‌ನ ಕ್ರಿಪ್ಟೊ ಯಾದೃಚ್ಛಿಕ ಮೂಲದಿಂದಲೇ ಪಡೆಯುತ್ತೇನೆ. ಜಾವಾಸ್ಕ್ರಿಪ್ಟಿನ ಮಾಮೂಲಿ ‘ಮ್ಯಾಥ್ ರ್‍ಯಾಂಡಮ್’ ಇಂಥ ಕೆಲಸಕ್ಕೆ ತಕ್ಕುದಲ್ಲ. ಒಂದೇ ಕೀಲಿಯೊಡನೆ ಒಂದೇ ಐವಿ ಎರಡು ಸಲ ಬಳಕೆಯಾದರೆ ಜಿಸಿಎಂನ ರಕ್ಷಣೆಯೇ ಕುಸಿಯುತ್ತದೆ. ಪರೀಕ್ಷೆಯ ಅನುಕೂಲಕ್ಕೆಂದು ಮೊದಲ ದಿನ ಐವಿಗೆ ಬರಿಯ ಸೊನ್ನೆಗಳನ್ನು ತುಂಬಿದ್ದೆ, ಅದನ್ನು ತೆಗೆಯಲು ಮರೆಯದಿರಲಿ ಎಂದು ಆ ಸಾಲಿನ ಮೇಲೆ ದೊಡ್ಡದಾಗಿ ‘ತೆಗೆ’ ಎಂದು ಬರೆದಿಟ್ಟಿದ್ದೆ.

ಕೊನೆಯ ಪೊಟ್ಟಣದ ಜೋಡಣೆ ಹೀಗೆ: ಮೊದಲು ಆವೃತ್ತಿಯನ್ನು ಹೇಳುವ ಒಂದು ಬೈಟು, ಆಮೇಲೆ 16 ಸಾಲ್ಟ್, 12 ಐವಿ, ಅದರ ಹಿಂದೆ ಮುಚ್ಚಿದ ಪಠ್ಯ ಮತ್ತು ಮುದ್ರೆ. ಇಷ್ಟನ್ನೂ ಬೇಸ್64 ಅಕ್ಷರಗಳಾಗಿ (ಬೈಟುಗಳನ್ನು ಬರಿಯ ಇಂಗ್ಲಿಷ್ ಅಕ್ಷರ, ಅಂಕೆ, ಕೆಲವು ಚಿಹ್ನೆಗಳಲ್ಲಿ ಬರೆಯುವ ಕ್ರಮ) ತಿರುಗಿಸಿ ತೋರಿಸುವುದು. ಆವೃತ್ತಿಯ ಬೈಟನ್ನು ‘ಇರಲಿ’ ಎಂದಷ್ಟೇ ಸೇರಿಸಿದ್ದೆ, ನಾಲ್ಕನೆಯ ದಿನ ಅದೇ ಕೈಹಿಡಿಯಿತು.

ಮೊದಲ ತೊಡಕು ಅರ್ಧ ಗಂಟೆಯದು. ಬೇಸ್64ಕ್ಕೆ ತಿರುಗಿಸಲು ಬ್ರೌಸರ್‌ನಲ್ಲಿ ಹಳೆಯ ಸಿದ್ಧ ಫಂಕ್ಷನ್ ಒಂದಿದೆ. ಅದಕ್ಕೆ ‘ಕೊಡಗು’ ಎಂದು ಕೊಟ್ಟರೆ ಅಕ್ಷರ ಸಿಂಧುವಲ್ಲ ಎಂದು ದೂರುತ್ತದೆ, ಏಕೆಂದರೆ 255ಕ್ಕಿಂತ ಹೆಚ್ಚಿನ ಸಂಕೇತಸಂಖ್ಯೆಯ ಅಕ್ಷರಗಳನ್ನು ಅದು ಒಪ್ಪುವುದಿಲ್ಲ. ಪಠ್ಯವನ್ನು ಮೊದಲು ಬ್ರೌಸರ್‌ನದೇ ಟೆಕ್ಸ್ಟ್‌ಎನ್‌ಕೋಡರ್ ಮೂಲಕ ಯುಟಿಎಫ್-8 ಎಂಬ ಕ್ರಮದ ಬೈಟುಗಳನ್ನಾಗಿಸಿ, ಆ ಬೈಟುಗಳನ್ನೇ ಮುಂದಿನ ಎಲ್ಲ ಹಂತಗಳಿಗೂ ಕೊಟ್ಟರೆ ಈ ತಕರಾರಿಲ್ಲ. ಕನ್ನಡದ ಪ್ರತಿ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟು. ಗುಣಿತದ ಚಿಹ್ನೆಯೂ ಪ್ರತ್ಯೇಕ ಸಂಕೇತವಾದ್ದರಿಂದ, ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಕೊಡಗು’ ಐದು ಸಂಕೇತ, ಹದಿನೈದು ಬೈಟು.

ಎರಡನೆಯದು ಫೋನಿನದು. ಲ್ಯಾಪ್‌ಟಾಪಿನಲ್ಲಿ ಪೈಥಾನ್‌ನ ಪುಟ್ಟ ಸರ್ವರ್ ನಡೆಸಿ, ಮನೆಯ ವೈಫೈಯ 192.168 ಎಂದು ಶುರುವಾಗುವ ವಿಳಾಸವನ್ನು ಫೋನಿನಲ್ಲಿ ತೆರೆದೆ. ಪುಟವೇನೋ ಬಂತು, ಗುಂಡಿ ಒತ್ತಿದರೆ ಉಸಿರಿಲ್ಲ. ವೆಬ್ ಕ್ರಿಪ್ಟೊದ ಸಟಲ್ ಭಾಗವನ್ನು ಬ್ರೌಸರ್‌ಗಳು ಸುರಕ್ಷಿತವೆಂದು ಪರಿಗಣಿಸಿದ ಸಂದರ್ಭಗಳಲ್ಲಿ ಮಾತ್ರ ಒದಗಿಸುತ್ತವೆ: ಎಚ್‌ಟಿಟಿಪಿಎಸ್ ಇರಬೇಕು ಇಲ್ಲವೇ ಅದೇ ಯಂತ್ರದ ಲೋಕಲ್‌ಹೋಸ್ಟ್ ಆಗಿರಬೇಕು. ಡಿಸ್ಕಿನಿಂದ ನೇರವಾಗಿ ತೆರೆದ ಕಡತಕ್ಕೆ ಲ್ಯಾಪ್‌ಟಾಪಿನ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲೂ ಅದು ದೊರೆಯಿತು. ಬರಿಯ ಎಚ್‌ಟಿಟಿಪಿಯ ಮನೆವಿಳಾಸಕ್ಕೆ ದೊರೆಯಲಿಲ್ಲ. ಸುತ್ತುದಾರಿ ಹುಡುಕಬಹುದಿತ್ತು. ಆದರೆ ಫೋನಿನ ಕೀಲಿಮಣೆಗಳು ನಾವು ಒತ್ತಿದ ಪದಗಳನ್ನು ಕಲಿತುಕೊಂಡು ಮರುದಿನ ತಾವಾಗಿಯೇ ಸೂಚಿಸುವುದನ್ನು ನೆನೆದು, ಗುಪ್ತವಾಕ್ಯವನ್ನು ಫೋನಿನಲ್ಲಿ ಟೈಪಿಸುವ ಪ್ರಸಂಗವೇ ಬೇಡವೆಂದು ಫೋನನ್ನು ಈ ಏರ್ಪಾಡಿನಿಂದ ಹೊರಗಿಟ್ಟೆ.

ಪುಟದಿಂದ ಏನೂ ಹೊರಗೆ ಹೋಗದಂತೆ ತಡೆಯಲು ತಲೆಭಾಗದಲ್ಲಿ, ಪುಟ ಏನೇನು ಮಾಡಬಹುದೆಂದು ಬ್ರೌಸರಿಗೆ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯ ಒಂದು ಸಾಲು ಬರೆದೆ: ಎಲ್ಲ ಬಗೆಯ ಹೊರಸಂಪರ್ಕವೂ ಮೂಲತಃ ‘ಇಲ್ಲ’, ಫಾರಂ ಕಳುಹಿಸುವುದೂ ‘ಇಲ್ಲ’, ನಾನು ಬರೆದ ಸ್ಕ್ರಿಪ್ಟಿನ ಹ್ಯಾಶ್‌ಗೆ ಹೊಂದುವ ಸ್ಕ್ರಿಪ್ಟಿಗೆ ಮಾತ್ರ ‘ಹೌದು’. ಫಾರಂ ವಿಷಯವನ್ನು ಬೇರೆಯಾಗಿಯೇ ಹೇಳಬೇಕು, ಮೂಲತಃ ‘ಇಲ್ಲ’ ಎಂದ ನಿಯಮ ಅದಕ್ಕೆ ಅನ್ವಯಿಸದು. ಹೀಗೆ ಕಟ್ಟು ಬಿಗಿದ ಕೂಡಲೇ ನನ್ನ ಗುಂಡಿಗಳೇ ಸತ್ತವು. ಗುಂಡಿಯ ಟ್ಯಾಗ್‌ನೊಳಗೆ ಬರೆದ ಆದೇಶಗಳನ್ನು ಈ ನಿಯಮ ಒಪ್ಪುವುದಿಲ್ಲವಾದ್ದರಿಂದ ಅವನ್ನು ಸ್ಕ್ರಿಪ್ಟಿನೊಳಗೆ ಸಾಗಿಸಬೇಕಾಯಿತು. ಸ್ಕ್ರಿಪ್ಟಿನಲ್ಲಿ ಒಂದು ಅಲ್ಪವಿರಾಮ ಬದಲಿಸಿದರೂ ಹ್ಯಾಶ್ ಹೊಸದಾಗಿ ಎಣಿಸಬೇಕೆಂಬ ಕಿರಿಕಿರಿ ಆ ಮೇಲಿನ ದಿನಗಳಿಗೆಲ್ಲ ಅಂಟಿಕೊಂಡಿತು. ಪಠ್ಯದ ಪೆಟ್ಟಿಗೆಗಳಲ್ಲಿ ಕಾಗುಣಿತ ತಪಾಸಣೆಯನ್ನೂ ತಾನಾಗಿ ತುಂಬುವ ಸೌಲಭ್ಯವನ್ನೂ ನಿಲ್ಲಿಸಿದ್ದೇನೆ, ಏಕೆಂದರೆ ಬ್ರೌಸರ್‌ಗಳ ‘ವರ್ಧಿತ’ ಕಾಗುಣಿತ ತಪಾಸಣೆಯಲ್ಲಿ ಬರೆದ ಪಠ್ಯ ದೂರದ ಸರ್ವರಿಗೆ ಹೋಗುವುದುಂಟು. ಪುಟವನ್ನು ಖಾಸಗಿ ಕಿಟಕಿಯಲ್ಲೇ ತೆರೆಯಬೇಕೆಂದು ಅಕ್ಕನಿಗೆ ಹೇಳಿದ್ದೇನೆ. ಪುಟದ ಪಾಲಿಸಿ ಎಷ್ಟು ಬಿಗಿಯಾಗಿದ್ದರೂ ಬ್ರೌಸರಿಗೆ ಸೇರಿಸಿಕೊಂಡ ಎಕ್ಸ್‌ಟೆನ್ಷನ್ ಪುಟದಲ್ಲಿರುವುದನ್ನೆಲ್ಲ ಓದಬಲ್ಲದು; ಖಾಸಗಿ ಕಿಟಕಿಯಲ್ಲಿ ನಾವು ಅನುಮತಿ ಕೊಡದ ಹೊರತು ಅವು ನಡೆಯುವುದಿಲ್ಲ.

ಮೂರನೆಯ ದಿನ ಎಲ್ಲವೂ ನನ್ನ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ನಡೆಯಿತು. ವೈಫೈ ನಿಲ್ಲಿಸಿ ಪಠ್ಯ ಮುಚ್ಚಿದೆ, ತೆರೆದೆ. ಬೇಸ್64ರ ನಡುವಿನ ಒಂದು ಅಕ್ಷರ ಬದಲಿಸಿ ತೆರೆಯಲು ನೋಡಿದೆ, ನಿರಾಕರಿಸಿತು. ಭಾನುವಾರ ಬಂದಿದ್ದ ಅಕ್ಕ ಪೆನ್‌ಡ್ರೈವ್ ಒಯ್ದಿದ್ದಳು. ಪರೀಕ್ಷೆಗೆಂದು ಫೋನಿನಲ್ಲೇ ಹೇಳಿದ ಗುಪ್ತವಾಕ್ಯ ‘ತೋಟದ ಗೇಟ್’. ಕಳುಹಿಸಿದ ಪೊಟ್ಟಣ ಅವಳ ಲ್ಯಾಪ್‌ಟಾಪಿನಲ್ಲಿ ತೆರೆಯಲಿಲ್ಲ.

“ನೀನು ಹೇಳಿದ್ದನ್ನೇ ಅಕ್ಷರ ಬಿಡದೆ ಹಾಕಿದ್ದೇನೆ ಕಣೋ,” ಎಂದಳು. ಎರಡನೆಯ ಸಲ, ಮೂರನೆಯ ಸಲ ಹಾಕಿದಳು. ತೆರೆಯಲಿಲ್ಲ. ಇಲ್ಲಿ ಜಿಸಿಎಂನ ಒಂದು ಗುಣ ಪೀಡೆಯಾಗಿ ಪರಿಣಮಿಸಿತು: ಗುಪ್ತವಾಕ್ಯ ತಪ್ಪಿದ್ದರೂ ಪೊಟ್ಟಣ ಕೆಟ್ಟಿದ್ದರೂ ಬ್ರೌಸರ್ ಕೊಡುವ ದೋಷ ಒಂದೇ, ಅದೂ ಮೌನವಾದ ದೋಷ. ಮೊದಲು ಪೊಟ್ಟಣದ ಮೇಲೆ ಸಂಶಯಪಟ್ಟೆ. ಬೇಸ್64ರ ಮೊದಲ ಹತ್ತು, ಕೊನೆಯ ಹತ್ತು ಅಕ್ಷರ ಓದಿಸಿದೆ, ಒಟ್ಟು ಉದ್ದ ಎಣಿಸಿದೆ, ಎಲ್ಲವೂ ತಾಳೆಯಾದವು. ಆಗ ಉಳಿದದ್ದು ಗುಪ್ತವಾಕ್ಯ ಮಾತ್ರ. ಅವಳು ಕಳುಹಿಸಿದ ತೆರೆಚಿತ್ರದಲ್ಲಿ ‘ತೋಟದ ಗೇಟ್’ ನನ್ನದರಂತೆಯೇ ಇತ್ತು, ಕೂದಲೆಳೆಯ ವ್ಯತ್ಯಾಸವಿಲ್ಲ.

ಬೇರೆ ದಾರಿ ಕಾಣದೆ, ಬ್ರೌಸರ್‌ಗೆ ನೇರ ಆದೇಶ ಕೊಡುವ ಕನ್ಸೋಲ್ ತೆರೆಸಿ ಗುಪ್ತವಾಕ್ಯದ ಬೈಟುಗಳನ್ನು ಮುದ್ರಿಸುವ ಒಂದು ಸಾಲನ್ನು ಅಂಟಿಸಲು ಹೇಳಿದೆ. ನನ್ನ ಕಡೆ 25 ಸಂಖ್ಯೆಗಳು ಬಂದಿದ್ದವು: ಎಂಟು ಸಂಕೇತಗಳಿಗೆ ಮೂರರಂತೆ 24, ನಡುವಿನ ತೆರಪಿಗೆ ಒಂದು. ಅಕ್ಕ ಕೊನೆಯಿಂದ ಓದತೊಡಗಿದಳು. ಕನ್ನಡದ ಪ್ರತಿ ಸಂಕೇತವೂ 224ರಿಂದ ಶುರುವಾಗಿ, ಎರಡನೆಯ ಬೈಟು 178 ಅಥವಾ 179 ಆಗಿರುತ್ತದೆ. ಆದ್ದರಿಂದ ತಪ್ಪು ಸಂಖ್ಯೆ ಕಿವಿಗೇ ತಿಳಿಯುತ್ತದೆ. ನನ್ನ ಪಟ್ಟಿ 224, 178, 159 ಎಂಬ ‘ಟ’ ಮತ್ತು 224, 179, 141 ಎಂಬ ಅರ್ಧಾಕ್ಷರ ಚಿಹ್ನೆಯೊಡನೆ ಮುಗಿದಿತ್ತು. ಅವಳ ಪಟ್ಟಿಯ ಕೊನೆಯಲ್ಲಿ 226, 128, 140.

“ಮೂರು ಹೆಚ್ಚಿಗೆ ಇದೆಯಲ್ಲೋ,” ಎಂದಳು.

226, 128, 140 ಎಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನ ‘ಶೂನ್ಯ ಅಗಲದ ಬೆಸೆಯದ ಚಿಹ್ನೆ’. ‘ಆನ್‌ಲೈನ್’ ಎಂದು ಬರೆಯುವಾಗ ‘ನ’ದ ಅಡಿಗೆ ‘ಲ’ ಒತ್ತಾಗಿ ಇಳಿಯದಂತೆ ತಡೆಯುವುದು ಇದೇ. ಕನ್ನಡ ಬರೆಹಕ್ಕೆ ಬೇಕೇ ಬೇಕು, ಆದರೆ ಅದಕ್ಕೆ ರೂಪವಿಲ್ಲ. ಅಕ್ಕ ಬಳಸುವ ಲಿಪ್ಯಂತರ ಕೀಲಿಮಣೆ, ಪದ ಅರ್ಧಾಕ್ಷರದಲ್ಲಿ ಮುಗಿದಾಗಲೆಲ್ಲ ಮುನ್ನೆಚ್ಚರಿಕೆಯಾಗಿ ಈ ಚಿಹ್ನೆಯನ್ನು ಹಿಂದೆ ಅಂಟಿಸುತ್ತಿತ್ತು. ನಾನು ಬಳಸುವ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ನಾನಾಗಿ ಒತ್ತದ ಹೊರತು ಅದು ಬರುವುದಿಲ್ಲ. ಓದುವವರಿಗೆ ಎರಡೂ ‘ಗೇಟ್’ ಒಂದೇ. ಪಿಬಿಕೆಡಿಎಫ್2ಕ್ಕೆ 25 ಬೈಟುಗಳ ವಾಕ್ಯಕ್ಕೂ 28 ಬೈಟುಗಳ ವಾಕ್ಯಕ್ಕೂ ಯಾವ ಸಂಬಂಧವೂ ಇಲ್ಲ, ಅದು ಪೂರ್ತಿ ಬೇರೆಯೇ ಕೀಲಿ ತೆಗೆದುಕೊಡುತ್ತದೆ. ಎರಡು ಗಂಟೆ ಪೊಟ್ಟಣದ ಮೇಲೆ ಗೂಬೆ ಕೂರಿಸಿದ್ದೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಒಂದು ಕಂಡ ಮೇಲೆ ಇನ್ನೇನಿದೆಯೋ ಎಂದು ಹುಡುಕಿದೆ. ‘ತೋ’ದಲ್ಲಿರುವ ಓತ್ವದ ದೀರ್ಘವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ ಮತ್ತು ದೀರ್ಘದ ಬಾಲ ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು, ಎರಡೂ ಸಮಾನವೆಂದೇ ಯೂನಿಕೋಡ್ ಹೇಳುತ್ತದೆ, ತೆರೆಯ ಮೇಲೂ ಒಂದೇ ಆಗಿ ಕಾಣುತ್ತವೆ. ಇದನ್ನೂ, ಎರಡು ಸಂಕೇತಗಳಾಗಿ ಒಡೆಯುವ ‘ಗೇ’ದ ಏತ್ವವನ್ನೂ ಕೈಯಾರೆ ಹಾಗೆ ಬಿಡಿಸಿ ಬರೆದು ನೋಡಿದಾಗ ಅದೇ ‘ತೋಟದ ಗೇಟ್’ 34 ಬೈಟುಗಳಿಗೆ ಏರಿತು. ಕನ್ನಡದ ಅಂಕೆಗಳದು ಇನ್ನೊಂದು ಕಥೆ: ಒಬ್ಬರು ‘೨’ ಒತ್ತುತ್ತಾರೆ, ಇನ್ನೊಬ್ಬರು ‘2’, ಸೊನ್ನೆಯ ಜಾಗದಲ್ಲಿ ಅನುಸ್ವಾರ ಒತ್ತುವವರೂ ಇದ್ದಾರೆ, ಅಚ್ಚಿನಲ್ಲಿ ಎರಡೂ ಬರಿಯ ಉರುಟು.

ಪರಿಹಾರಕ್ಕೆ ‘ತೊಳೆ’ ಎಂಬ ಒಂದು ಸಣ್ಣ ಫಂಕ್ಷನ್ ಬರೆದೆ. ಗುಪ್ತವಾಕ್ಯ ಪಿಬಿಕೆಡಿಎಫ್2ರ ಬಳಿಗೆ ಹೋಗುವ ಮುನ್ನ ಇದರ ಮೂಲಕ ಹಾಯಬೇಕು. ಇದು ಮೊದಲು ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ ತಂದು ಬಿಡಿ ಚಿಹ್ನೆಗಳನ್ನು ಕೂಡಿಸುತ್ತದೆ; ಎನ್‌ಎಫ್‌ಸಿ ಮುಟ್ಟದೆ ಬಿಡುವ ಬೆಸೆಯುವ, ಬೆಸೆಯದ ಶೂನ್ಯ ಅಗಲದ ಚಿಹ್ನೆಗಳೆರಡನ್ನೂ ಕಿತ್ತುಹಾಕುತ್ತದೆ; ಕನ್ನಡ ಅಂಕೆಗಳನ್ನು 0ರಿಂದ 9ಕ್ಕೆ ತಿರುಗಿಸುತ್ತದೆ; ಹಿಂದುಮುಂದಿನ ತೆರಪುಗಳನ್ನು ಕತ್ತರಿಸಿ, ನಡುವಿನ ಜೋಡಿ ತೆರಪುಗಳನ್ನು ಒಂದಾಗಿಸುತ್ತದೆ. ಈ ತೊಳೆಯುವಿಕೆ ಗುಪ್ತವಾಕ್ಯಕ್ಕೆ ಮಾತ್ರ. ಒಳಗಿನ ಪಠ್ಯವನ್ನು ತೊಳೆದರೆ ‘ಆನ್‌ಲೈನ್’ ಎಂಬುದು ಒತ್ತಕ್ಷರವಾಗಿ ಕೆಟ್ಟುಹೋಗುತ್ತದೆ, ಆದ್ದರಿಂದ ಅದು ಇದ್ದಂತೆಯೇ ಇರಬೇಕು. ತೊಳೆಯದೆ ಮುಚ್ಚಿದ ಹಳೆಯ ಪೊಟ್ಟಣಗಳು ಹೊಸ ಪುಟದಲ್ಲಿ ತೆರೆಯದೆ ಹೋಗುತ್ತಿದ್ದವು. ಆವೃತ್ತಿಯ ಬೈಟನ್ನು 1ರಿಂದ 2ಕ್ಕೆ ಏರಿಸಿ, 1 ಎಂದಿದ್ದರೆ ತೊಳೆಯದೆ ತೆರೆ ಎಂದು ಬರೆದ ಮೇಲೆ ಎರಡೂ ನಡೆದವು. ಹೊಸ ಕಡತದ ಎಸ್‌ಎಚ್‌ಎ-256 ಹ್ಯಾಶ್‌ನ ಮೊದಲ ಮತ್ತು ಕೊನೆಯ ಎಂಟೆಂಟು ಅಕ್ಷರಗಳನ್ನು ಫೋನಿನಲ್ಲಿ ಓದಿ ಅಕ್ಕ ತನ್ನ ಪ್ರತಿಯೊಡನೆ ತಾಳೆ ನೋಡಿಕೊಂಡಳು.

‘ತೋಟದ ಗೇಟ್’ ಬರಿಯ ಪರೀಕ್ಷೆಯ ವಾಕ್ಯ, ಎಸೆದದ್ದಾಯಿತು. ನಿಜವಾದ ಗುಪ್ತವಾಕ್ಯಕ್ಕೆ ದಾಳ ಬಳಸಿದೆವು. ನಾಲ್ಕು ಸಲ ದಾಳ ಎಸೆದರೆ 1,296 ಫಲಿತಗಳು. ಅಷ್ಟು ಕನ್ನಡ ಪದಗಳ ಪಟ್ಟಿಯನ್ನು ಅಮ್ಮ ಮತ್ತು ನಾನು ಎರಡು ರಾತ್ರಿ ಕುಳಿತು ಮಾಡಿದೆವು. ಏಲಕ್ಕಿ, ಕಿತ್ತಳೆ ಎಂದು ಅಮ್ಮ ಹೇಳುತ್ತ ಹೋದಂತೆ ಒತ್ತಕ್ಷರವೂ ಅರ್ಧಾಕ್ಷರವೂ ಇರುವ ಪದಗಳನ್ನು ನಾನು ಬಿಡುತ್ತ ಬಂದೆ. ತೊಳೆಯುವ ಫಂಕ್ಷನ್ ಇದ್ದರೂ ಬೆಂದ ಕೈ ಒಲೆಯಿಂದ ದೂರ. ಏಲಕ್ಕಿ, ಕಿತ್ತಳೆ ಎರಡೂ ಹೋದವು, ಕಳಲೆ ಮತ್ತು ಜಿಗಣೆ ಉಳಿದವು. ಆರು ಪದಗಳನ್ನು ದಾಳದಿಂದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ ಆರರ 24ನೆಯ ಘಾತ, ಸುಮಾರು 62 ಬಿಟ್. ಪ್ರತಿ ಊಹೆಗೂ ಆರು ಲಕ್ಷ ಸುತ್ತು ಬೇರೆ. ನಮ್ಮ ಮನೆಯ ಗುಟ್ಟಿಗೆ ಇಷ್ಟು ಧಾರಾಳ ಸಾಕು. ಆ ಆರು ಪದಗಳನ್ನು ಅಕ್ಕ ಬಂದಾಗ ಚೀಟಿಯಲ್ಲಿ ಬರೆದುಕೊಟ್ಟೆ, ಪೊಟ್ಟಣ ಹೋಗುವ ದಾರಿಯಲ್ಲಿ ಎಂದೂ ಕಳುಹಿಸಲಿಲ್ಲ.

ಪೊಟ್ಟಣವನ್ನು ಯಾರು ಹೊತ್ತರೂ ಅಡ್ಡಿಯಿಲ್ಲ ಎಂಬುದರಿಂದ ಒಂದು ಅನುಕೂಲವಾಯಿತು. ಮಳೆಯಲ್ಲಿ ನಮ್ಮ ಕಡೆ ಡೇಟಾ ಹೋದರೂ ಎಸ್‌ಎಂಎಸ್ ಹೇಗೋ ದಾಟುತ್ತದೆ. ಬೇಸ್64ರ ಅಕ್ಷರಗಳೆಲ್ಲ ಎಸ್‌ಎಂಎಸ್‌ನ ಏಳು ಬಿಟ್ ವರ್ಣಮಾಲೆಯೊಳಗೇ ಇವೆ. ಒಂದೇ ಎಸ್‌ಎಂಎಸ್‌ನಲ್ಲಿ ಹಿಡಿಸುವ 70 ಕನ್ನಡ ಸಂಕೇತಗಳು 210 ಬೈಟು. ಮುದ್ರೆ, ಸಾಲ್ಟ್, ಐವಿ, ಆವೃತ್ತಿ ಸೇರಿ 255. ಬೇಸ್64ರಲ್ಲಿ ಸರಿಯಾಗಿ 340 ಅಕ್ಷರ. ಜೋಡಿಸಿ ಕಳುಹಿಸುವ ಎಸ್‌ಎಂಎಸ್‌ನ ಒಂದೊಂದು ತುಂಡಿನಲ್ಲಿ 153 ಅಕ್ಷರ ಹಿಡಿಸುವುದರಿಂದ ಮೂರು ತುಂಡು. ನಡುವೆ ನುಸುಳುವ ಸಾಲುಮುರಿತ, ತೆರಪುಗಳನ್ನು ತೆರೆಯುವ ಮುನ್ನ ಪುಟವೇ ತೆಗೆದುಹಾಕುತ್ತದೆ. ತೆರೆದ ಪಠ್ಯಕ್ಕೆ ಮಾತ್ರ ನಕಲು ಗುಂಡಿ ಇಟ್ಟಿಲ್ಲ, ಎರಡು ನಿಮಿಷದಲ್ಲಿ ಅದು ತೆರೆಯಿಂದ ಅಳಿಯುತ್ತದೆ. ನೆನಪಿನ ಚಿಪ್ಪಿನಿಂದಲೂ ಅಳಿಸುವ ಶಕ್ತಿ ಜಾವಾಸ್ಕ್ರಿಪ್ಟಿಗಿಲ್ಲ. ಕಿಟಕಿ ಮುಚ್ಚುವುದೊಂದೇ ದಾರಿ.

ಆಗಸ್ಟ್ ಮೊದಲ ವಾರ ಕರೆಂಟು ಹೋಗಿ ಎರಡನೆಯ ದಿನ, ಅಕ್ಕನಿಂದ ಎರಡು ತುಂಡಿನ ಎಸ್‌ಎಂಎಸ್ ಬಂತು. ಅವಳು ತಾನಾಗಿ ಮುಚ್ಚಿ ಕಳುಹಿಸಿದ ಮೊದಲ ಪೊಟ್ಟಣ. ಫೋನಿನಿಂದ ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ತಂದು, ಶೇಕಡ 11 ಉಳಿದಿದ್ದ ಬ್ಯಾಟರಿಯಲ್ಲಿ ಆರು ಪದ ಒತ್ತಿ ಕಾದೆ. ತೆರೆಯಿತು. ‘ಟ್ರಂಕಿನ ಬೀಗದ ಕೈ ನನ್ನ ಚೀಲದಲ್ಲೇ ಮೈಸೂರಿಗೆ ಬಂದಿದೆ. ಅಮ್ಮನಿಗೆ ಈಗಲೇ ಹೇಳಬೇಡ’ ಎಂದಿತ್ತು.